ಕೃಪೆ ಅಂದ್ರೆ ಮುಂಗಡನಾ, ಬಾಯೀ?

ಇದು ಒಂದೇ ಮನೆಯ ಕತೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕಾರವಾರದಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಬರುವವರಲ್ಲಿ ಇದೇ ಸಂಕಟ ಮತ್ತೆ ಮತ್ತೆ ಕಾಣುತ್ತಿದೆ. ಮನೆಯಲ್ಲಿ ಒಬ್ಬರಿಗೆ ಯೇಸುವಿನ ಮೇಲಿನ ನಂಬಿಕೆ ಹೊಸದಾಗಿ ಗಟ್ಟಿಯಾಗಿರುತ್ತದೆ. ಅದನ್ನು ತಮ್ಮವರಿಗೂ ಮುಟ್ಟಿಸಬೇಕು ಅನ್ನುವ ಹಂಬಲ. ಮುಟ್ಟಿಸಲು ಹೋದಷ್ಟೂ ಮನೆಯೊಳಗೆ ಮಾತೇ ನಿಂತುಹೋಗುತ್ತದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಪ್ಪ, ಮಗ ಇಬ್ಬರೂ ಬರೆಯಲು ಒಪ್ಪಿದ್ದಾರೆ.

ಮಗನಿಗೆ ಮೂವತ್ತರ ಆಸುಪಾಸು. ಬೆಂಗಳೂರಿನಲ್ಲಿದ್ದಾಗ ಒಂದು ಪ್ರಾರ್ಥನಾ ಕೂಟ ಸೇರಿದ್ದ, ಈಗ ಊರಿಗೆ ವಾಪಸ್ ಬಂದಿದ್ದಾನೆ. ಅಪ್ಪ ಕೊಂಕಣಿ ಮಾತಾಡುವ ಕ್ಯಾಥೊಲಿಕ್. ಇಲ್ಲಿನ ಬೈತಖೋಲ ಬಂದರಿನ ಮೀನುಗಾರಿಕೆ ಬೋಟುಗಳಲ್ಲಿ ಆಯುಷ್ಯ ಕಳೆದವರು. ತುಂಬಾ ಕುಡಿಯುತ್ತಿದ್ದರು, ಹೆಂಡತಿಗೆ ಹೊಡೆಯುತ್ತಿದ್ದರು. ಲಿವರ್ ಕೆಟ್ಟ ಮೇಲೆ ಕುಡಿತ ಬಿಟ್ಟಿದ್ದಾರೆ. ಇಗರ್ಜಿಗೆ, ಅಂದರೆ ಚರ್ಚಿಗೆ, ಮಾತ್ರ ಹೋಗುತ್ತಿರಲಿಲ್ಲ. "ಪಪ್ಪ ಕಣ್ಣು ಮುಚ್ಚೋದರೊಳಗೆ ಯೇಸುವನ್ನು ನಂಬಿ ರಕ್ಷಣೆ ಹೊಂದಬೇಕು ಮೇಡಂ. ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲ್ಲ" ಎಂದು ಮಗ ಮೊದಲ ದಿನ ಅತ್ತಿದ್ದ.

ಎರಡನೇ ಸಲ ಅಪ್ಪನನ್ನೂ ಕರೆದುಕೊಂಡು ಬಂದ. ತಾನು ಎಷ್ಟು ಪ್ರಯತ್ನ ಪಟ್ಟಿದ್ದೇನೆ ಎಂದು ತೋರಿಸಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದ. ಬಾಗಿಲ ಹಿಂದೆ ನೇತುಹಾಕಿದ ಕ್ಯಾಲೆಂಡರ್. ಅಪ್ಪ ಪ್ರಾರ್ಥನೆಗೆ ಕೂತ ದಿನ ಹಸಿರು ಗೆರೆ, ಸಿಟ್ಟು ಮಾಡಿದ ದಿನ ಕೆಂಪು ಕಾಟು. ಜುಲೈ ಹಾಳೆಯಲ್ಲಿ ಕೆಂಪೇ ಜಾಸ್ತಿ. ಅಪ್ಪನ ಕಡೆ ತಿರುಗಿ, "ರಕ್ಷಣೆ ಪುಕ್ಕಟೆ ಪಪ್ಪಾ. ನಾವು ಮಾಡಿದ್ದರಿಂದ ಬರೋದಲ್ಲ, ದೇವರ ಕೃಪೆ" ಎಂದ. ಹೇಳಿದ್ದು ಪೂರ್ತಿ ಸರಿ.

ಅಪ್ಪ ಆ ಫೋಟೋವನ್ನೇ ನೋಡುತ್ತಾ ಕೂತರು. ಆಮೇಲೆ ಮಾತಾಡಿದ್ದು ನನ್ನ ಹತ್ತಿರ, ಕೊಂಕಣಿಯಲ್ಲಿ ಹೆಂಗಸರನ್ನು ಕರೆಯುವ ಹಾಗೆ 'ಬಾಯೀ' ಎಂದು ಕರೆದು.

"ಬಾಯೀ, ಜೂನ್ 1ಕ್ಕೆ ಬೋಟು ದಡಕ್ಕೆ ಕಟ್ತಾರೆ. 61 ದಿನ ಸಮುದ್ರಕ್ಕೆ ಹೋಗೋ ಹಾಗಿಲ್ಲ. ಆಗ ಸಾವ್ಕಾರ ಮುಂಗಡ ಕೊಡ್ತಾನೆ. ನಗ್ತಾನೇ ಕೊಡ್ತಾನೆ. ಆಗಸ್ಟಿಂದ ನಮ್ಮ ಪಾಲಲ್ಲಿ ಮುರ್ಕೊಳ್ತಾನೆ. ಇವನು ಹೇಳೋ ಕೃಪೆನೂ ಮುಂಗಡನಾ? ಪುಕ್ಕಟೆ ಅಂತಾನೆ, ದಿನಾ ಲೆಕ್ಕ ಬರೀತಾನೆ. ಈ ವಯಸ್ಸಲ್ಲಿ ಇನ್ನೊಂದು ಸಾಲ ತೀರಿಸೋಕೆ ನನ್ನಿಂದ ಆಗಲ್ಲ."

ಮಗ ಏನೋ ಹೇಳಲು ಹೋದ. ಸುಮ್ನಿರು ಎಂದು ಕೈ ಸನ್ನೆ ಮಾಡಿದೆ.

ಚಿಕ್ಕಂದಿನಿಂದ ಚರ್ಚಿನ ಪ್ರಸಂಗ ಕೇಳುತ್ತಾ ಬೆಳೆದವಳು ನಾನು. ನಾವು ಕೃಪೆಯನ್ನು ಎಲ್ಲಿ ಕೆಡಿಸುತ್ತೇವೆ ಎಂದು ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿರುವುದೂ ಇದೇ ಲೆಕ್ಕ. ದುಡಿದವನಿಗೆ ಕೊಡುವ ಕೂಲಿ ಉಪಕಾರವಲ್ಲ, ಅದು ಅವನಿಗೆ ಸಲ್ಲಬೇಕಾದ್ದು. ಕೃಪೆ ಕೂಲಿಯೂ ಅಲ್ಲ, ಮುಂದೆ ದುಡಿದು ತೀರಿಸುವ ಮುಂಗಡವೂ ಅಲ್ಲ. ಒಳ್ಳೆಯ ಕೆಲಸ ಬೇಡವೇ ಅಂದರೆ, ಬೇಕು. ಎಫೆಸದವರಿಗೆ ಬರೆದ ಪತ್ರದಲ್ಲಿ ಕೃಪೆಯ ಮಾತು ಮುಗಿದ ಕೂಡಲೇ ಅದರ ಮಾತೂ ಬರುತ್ತದೆ. ಆದರೆ ಅದು ಕೃಪೆ ಸಿಕ್ಕವನ ಬದುಕು, ಸಾಲದ ಕಂತಲ್ಲ.

"ಪಪ್ಪನ ಇಗರ್ಜಿಯಲ್ಲಿ ಕೃಪೆ ಹೇಳಿಕೊಡಲ್ಲ, ಅದಕ್ಕೇ ಹೀಗೆ" ಎಂದ ಮಗ. ಇದನ್ನೂ ನಾನು ತುಂಬಾ ಕೇಳುತ್ತೇನೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆ ಮತ್ತು ಪ್ರೊಟೆಸ್ಟಂಟರ ಕಡೆಯ ಲುಥೆರನ್ ವಿಶ್ವ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿವೆ. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ ಮಾತ್ರ ಎಂದು ಎರಡೂ ಕಡೆಯವರು ಅಲ್ಲಿ ಒಪ್ಪಿದ್ದಾರೆ. ನಿಮ್ಮ ಮನೆಯ ತೊಡಕು ಇಗರ್ಜಿಯದ್ದಲ್ಲ, ಕ್ಯಾಲೆಂಡರಿನದ್ದು ಎಂದೆ.

ಅಪ್ಪನನ್ನು ಹೊರಗೆ ಕೂರಿಸಿ, ಮಗನಿಗೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಆಳಿನ ಕತೆ ನೆನಪಿಸಿದೆ. ಅರಸ ಮನ್ನಾ ಮಾಡಿದ್ದು 10,000 ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಅದೇ ಆಳು ಹೊರಗೆ ಬಂದು, 100 ದಿನದ ಕೂಲಿಯಷ್ಟು ಸಾಲಕ್ಕೆ ಜೊತೆಯವನ ಕುತ್ತಿಗೆ ಹಿಡಿದ. "ನೀನು ವಸೂಲಿ ಮಾಡ್ತಾ ಇರೋದು ಯಾವ ಸಾಲ?" ಎಂದು ಕೇಳಿದೆ.

ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ. "ಮಮ್ಮಿಯ ಮೈಮೇಲಿನ ಬಾಸುಂಡೆ ನಾನು ನೋಡಿದ್ದೇನೆ ಮೇಡಂ. ಅದನ್ನ ಹೇಗೆ ಮರೀಲಿ?"

ಕೆಂಪು ಕಾಟುಗಳ ಮೂಲ ಅಲ್ಲಿತ್ತು. ಮರೆಯಬೇಡ ಎಂದೆ. ಆ ಸಿಟ್ಟು ನಿನ್ನದು, ನಿನ್ನದು ಅಂತಲೇ ಅಪ್ಪನಿಗೆ ಹೇಳು. ದೇವರ ಹೆಸರಿನಲ್ಲಿ ವಸೂಲಿ ಮಾಡಬೇಡ. ಕ್ಯಾಲೆಂಡರ್ ಇವತ್ತೇ ತೆಗೆ. ಮೂರು ತಿಂಗಳು ಬೈಬಲಿನ ವಾಕ್ಯ ಹೇಳಬೇಡ. ಅವರಾಗಿ ಕೇಳಿದರೆ, ಅವರು ಏನು ಮಾಡಬೇಕು ಅಂತಲ್ಲ, ನಿನಗೆ ಏನು ಸಿಕ್ಕಿದೆ ಅಂತ ಹೇಳು. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಮಾತ್ರ ತಪ್ಪಬಾರದು.

"ವಾಕ್ಯ ಹೇಳಬೇಡ" ಎಂದದ್ದಕ್ಕೆ ನನ್ನ ಸ್ನೇಹಿತರೇ ಬೇಜಾರಾದರು. ಸಾವು ಹತ್ತಿರ ಇರುವವನ ವಿಷಯದಲ್ಲಿ ಮೂರು ತಿಂಗಳು ಕಳೆಯುವುದು ಸರಿಯಾ ಎಂದರು. ಆ ಭಯ ನನಗೂ ಇತ್ತು, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆದರೂ ಅದೇ ಸಲಹೆಗೆ ನಿಲ್ಲುತ್ತೇನೆ. ಕ್ರಿಸ್ತನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಕೊನೆ ಗಳಿಗೆಯಲ್ಲಿ ಪರದೈಸು ಕೊಟ್ಟವನಿಗೆ ಸಮಯದ ಅಭಾವ ಇಲ್ಲ. ನಮ್ಮ ಅವಸರ ಎಷ್ಟೋ ಸಲ ನಮ್ಮದೇ ಭಯ. ಆ ಮನುಷ್ಯ ವಾಕ್ಯ ಸಾಕಷ್ಟು ಕೇಳಿದ್ದರು. ಮುರಿದುಕೊಳ್ಳದೆ ಕೊಡುವವರನ್ನು ನೋಡಿರಲಿಲ್ಲ.

ತಾಯಿಯ ವಿಷಯ ಬೇರೆ. ಅವರು ಒಬ್ಬರೇ ಒಂದು ಸಲ ಬಂದಿದ್ದರು. ಗಂಡನನ್ನು ಕ್ಷಮಿಸಿ ಎಂದು ನಾನು ಹೇಳಲಿಲ್ಲ, ಮಗನೂ ಒತ್ತಾಯ ಮಾಡಬಾರದು ಎಂದು ತಾಕೀತು ಮಾಡಿದ್ದೇನೆ. ಪೆಟ್ಟು ತಿಂದವರು ಅವರು. ಇನ್ನೊಬ್ಬರ ಅವಸರಕ್ಕೆ ಅವರು ಕ್ಷಮಿಸಬೇಕಾಗಿಲ್ಲ.

ಎರಡೂವರೆ ತಿಂಗಳ ಮೇಲೆ ಮಗ ಬಂದು ಹೇಳಿದ್ದು ಇಷ್ಟು. ಒಂದು ಸಂಜೆ ಅಪ್ಪನೇ ಕೇಳಿದರಂತೆ, ದ್ರಾಕ್ಷಿ ತೋಟದ ಕೂಲಿಗಳ ಕತೆ ಎಲ್ಲಿದೆ, ಓದು ಅಂತ. ಮತ್ತಾಯನ 20ನೇ ಅಧ್ಯಾಯ ತೆಗೆದು ಓದಿದ್ದಾನೆ.

"ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ಕೂಲಿನಾ?"

"ಹೌದು ಪಪ್ಪಾ."

"ಆಮೇಲೆ ಮುರ್ಕೊಳ್ಳಲ್ವಾ?"

"ಇಲ್ಲ."

ಅಪ್ಪ ಎದ್ದು ಹೊರಗೆ ಜಗಲಿಗೆ ಹೋಗಿ ಕೂತರಂತೆ. "ಇನ್ನೂ ನಾಲ್ಕು ಮಾತು ಹೇಳೋಣ ಅಂತ ಬಾಯಿ ತುದಿಗೆ ಬಂದಿತ್ತು ಮೇಡಂ," ಎಂದ ಮಗ, "ಆದರೆ ನಾನು ಹಿಂದೆ ಹೋಗಲಿಲ್ಲ."