ರಾತ್ರಿ ಮೂರಕ್ಕೆ ಎಚ್ಚರ, 21 ದಿನದ ಉಪವಾಸ: ಇದು ದೇವರ ಕರೆಯೇ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು, ವಯಸ್ಸು 46. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತೇನೆ. ಕೆಲವು ತಿಂಗಳಿಂದ ರಾತ್ರಿ ಮೂರರ ಹೊತ್ತಿಗೆ ಎಚ್ಚರವಾಗುತ್ತದೆ, ಕೂಡಲೇ ತಮ್ಮನ ನೆನಪು ಬರುತ್ತದೆ. ಅವನು ಕುಡಿತಕ್ಕೆ ಬಿದ್ದಿದ್ದಾನೆ. ಜಾಗದ ವಿಷಯಕ್ಕೆ ಜಗಳವಾಗಿ ಎರಡು ವರ್ಷದಿಂದ ನಮಗೆ ಮಾತಿಲ್ಲ. ಪ್ರಾರ್ಥನಾ ಕೂಟದಲ್ಲಿ ಇದನ್ನು ಹೇಳಿದಾಗ ಒಬ್ಬ ಸಹೋದರರು, "ದೇವರು ನಿಮ್ಮನ್ನು 21 ದಿನದ ಉಪವಾಸ ಪ್ರಾರ್ಥನೆಗೆ ಕರೆಯುತ್ತಿದ್ದಾರೆ" ಎಂದರು. ನನಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನುಂಗುತ್ತೇನೆ. ಯಜಮಾನರು ಬೇಡವೆನ್ನುತ್ತಾರೆ. ಕರೆ ಬಂದ ಮೇಲೆ ಬಿಟ್ಟರೆ ಅವಿಧೇಯತೆಯಾಗುವುದಿಲ್ಲವೇ? ಇದು ದೇವರದೋ, ನನ್ನ ಮನಸ್ಸಿನದೋ, ಹೇಗೆ ತಿಳಿಯಲಿ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಎರಡು ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿವೆ. ಎಚ್ಚರವೂ ತಮ್ಮನ ನೆನಪೂ ನಿಮಗೇ ಬಂದವು. 21 ಎಂಬ ಲೆಕ್ಕ ಬಂದದ್ದು ಕೂಟದಲ್ಲಿ, ಇನ್ನೊಬ್ಬರ ಬಾಯಿಂದ. ಮೊದಲನೆಯದರಲ್ಲಿ ಕರೆ ಇದ್ದೀತು ಎಂದೇ ನನ್ನ ಮನಸ್ಸು ಹೇಳುತ್ತದೆ. ಎರಡನೆಯದರ ಬಗ್ಗೆ ಆ ಭರವಸೆ ನನಗಿಲ್ಲ.

21 ಎಲ್ಲಿಂದ ಬಂತೆಂದು ನೋಡಿ. ಬೈಬಲಿನ ದಾನಿಯೇಲನ ಗ್ರಂಥದ 10ನೇ ಅಧ್ಯಾಯದಲ್ಲಿ ಅವನು ಮೂರು ವಾರ ದುಃಖದಲ್ಲಿದ್ದನೆಂದು ಬರೆದಿದೆ. ಆದರೆ ಆ ಮೂರು ವಾರ ಅವನು ಬಿಟ್ಟದ್ದು ರುಚಿಯ ಊಟ, ಮಾಂಸ, ದ್ರಾಕ್ಷಾರಸ, ಮೈಗೆ ಹಚ್ಚುವ ಎಣ್ಣೆ. ಅನ್ನವನ್ನೇ ಬಿಟ್ಟನೆಂದು ಅಲ್ಲಿ ಹೇಳಿಲ್ಲ. 21 ದಿನ ಮಾಡು ಎಂದು ದೇವರು ಅವನಿಗೆ ಅಪ್ಪಣೆ ಕೊಟ್ಟ ಮಾತೂ ಅಲ್ಲಿಲ್ಲ. ಅವನ ದುಃಖ ಅಷ್ಟು ದಿನ ಹಿಡಿಯಿತು, ಅಷ್ಟೇ. ನಮ್ಮ ಕೂಟಗಳಲ್ಲಿ ದಿನದ ಲೆಕ್ಕಕ್ಕೆ ಒಂದು ಮೋಹ ಬೆಳೆದಿದೆ. 3, 7, 21, 40 ಎಂದು ಸಾಕ್ಷಿ ಹೇಳುವಾಗ ಸಂಖ್ಯೆ ದೊಡ್ಡದಾದಷ್ಟೂ ಧ್ವನಿ ಏರುತ್ತದೆ. ಆ ಸಹೋದರರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಎಲ್ಲಾ ಆತ್ಮಗಳನ್ನೂ ನಂಬದೆ ಪರೀಕ್ಷಿಸಿ ಎಂದು ಯೋಹಾನನು ಬರೆದದ್ದು ಸಭೆಯೊಳಗಿನ ಮಾತಿಗೂ ಅನ್ವಯಿಸುತ್ತದೆ.

ಇನ್ನು ಎಚ್ಚರದ ವಿಷಯ. ಇದಕ್ಕೆ ಮೊದಲು ದೇಹವನ್ನೇ ವಿಚಾರಿಸಬೇಕು. ಸಕ್ಕರೆ ಹೆಚ್ಚಿದ್ದರೆ ಮೂತ್ರಕ್ಕೆಂದು ರಾತ್ರಿ ಎಚ್ಚರವಾಗುತ್ತದೆ, ತೀರಾ ಇಳಿದರೂ ಬೆವರಿ ಎಚ್ಚರವಾಗುತ್ತದೆ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಇದು ಅಪನಂಬಿಕೆಯಲ್ಲ. ಎಬ್ಬಿಸಿದ್ದು ದೇಹವೇ ಆಗಿದ್ದರೂ, ಎದ್ದ ಮೇಲೆ ನೆನಪಾದದ್ದು ಸಾಲವಲ್ಲ, ಮಗಳ ಮದುವೆಯಲ್ಲ, ಮಾತು ಬಿಟ್ಟ ತಮ್ಮ. ನನಗೆ ಮುಖ್ಯವಾಗಿ ಕಂಡದ್ದು ಅದೇ.

ದೇವರು ಉಪವಾಸಕ್ಕೆ ಕರೆಯುವಾಗ ಸಾಮಾನ್ಯವಾಗಿ ಹೊಟ್ಟೆಯ ಮಾತು ಮೊದಲು ಬರುವುದಿಲ್ಲ, ಒಬ್ಬ ಮನುಷ್ಯನ ಅಥವಾ ಒಂದು ಊರಿನ ಭಾರ ಬರುತ್ತದೆ. ಪಾರಸಿಯ ಅರಸನ ಸೇವೆಯಲ್ಲಿದ್ದ ಯೆಹೂದ್ಯ ನೆಹೆಮೀಯನಿಗೆ ಬಂದದ್ದು ಯೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ. ಕುಳಿತು ಅತ್ತನು, ಕೆಲವು ದಿನ ಉಪವಾಸವಿದ್ದು ಪ್ರಾರ್ಥಿಸಿದನು. ಸುದ್ದಿ ಮುಟ್ಟಿದ್ದು ಯೆಹೂದ್ಯರ ಪಂಚಾಂಗದ ಕಿಸ್ಲೇವ್ ತಿಂಗಳಲ್ಲಿ, ಅರಸನ ಮುಂದೆ ಬಾಯಿ ಬಿಟ್ಟದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಅಷ್ಟು ಕಾಲವಾದರೂ ಭಾರ ಇಳಿಯಲಿಲ್ಲ, ಅವನು ಅವಸರವನ್ನೂ ಪಡಲಿಲ್ಲ. ಕೊನೆಗೆ ಕೇಳಿದ್ದೇನು? ರಜೆ, ದಾರಿಯ ಅನುಮತಿ ಪತ್ರ, ಮರಮುಟ್ಟಿಗಾಗಿ ಅರಸನ ಅರಣ್ಯ ಕಾಯುವ ಆಸಾಫನಿಗೆ ಒಂದು ಚೀಟಿ. ಅರಣ್ಯ ಇಲಾಖೆಗೆ ಅಲೆದು ಗೊತ್ತಿರುವ ಮಲೆನಾಡಿನವರಿಗೆ ಈ ಭಾಗ ಚೆನ್ನಾಗಿ ಅರ್ಥವಾಗುತ್ತದೆ! ಅವನ ಉಪವಾಸ ಹೋಗಿ ನಿಂತದ್ದು ಒಂದು ಕೆಲಸದ ಎದುರು. ಅಂತಿಯೋಕ್ಯದ ಸಭೆಯಲ್ಲೂ ಹಾಗೆಯೇ ಆಯಿತು. ಅವರು ಉಪವಾಸವಿದ್ದು ಆರಾಧಿಸುತ್ತಿದ್ದಾಗ ಪವಿತ್ರಾತ್ಮನು ಬಾರ್ನಬನನ್ನೂ ಸೌಲನನ್ನೂ ಕೆಲಸಕ್ಕೆ ಬೇರ್ಪಡಿಸಲು ಹೇಳಿದನು.

ಹೀಗಿರುವಾಗ ನಿಮ್ಮ ಮುಂದಿರುವ ಕೆಲಸ ಯಾವುದು? ತಮ್ಮ ಕುಡಿತಕ್ಕೆ ಬಿದ್ದಿದ್ದಾನೆ ಎಂದು ನೀವು ಬರೆದಿದ್ದೀರಿ. ಎರಡು ವರ್ಷದ ಮೌನದ ಬಗ್ಗೆ ಒಂದೇ ಸಾಲು ಬರೆದು ದಾಟಿಬಿಟ್ಟಿದ್ದೀರಿ. ಯೆಶಾಯನ 58ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಅಲ್ಲಿನ ಜನ ಉಪವಾಸ ಮಾಡುತ್ತಾರೆ, ಅದೇ ದಿನ ಜಗಳವನ್ನೂ ಆಡುತ್ತಾರೆ. ಅದು ತಾನು ಮೆಚ್ಚುವ ಉಪವಾಸವಲ್ಲ ಎನ್ನುತ್ತಾನೆ ದೇವರು. ಹಸಿದವರೊಡನೆ ರೊಟ್ಟಿ ಹಂಚುವುದರ ಜೊತೆಗೆ, ಸ್ವಂತ ರಕ್ತಸಂಬಂಧಿಯಿಂದ ಮುಖ ಮರೆಸಿಕೊಳ್ಳದಿರುವುದನ್ನೂ ಅಲ್ಲೇ ಸೇರಿಸುತ್ತಾನೆ. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಇಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಹೇಳಿದ್ದೂ ಇದನ್ನೇ. 21 ದಿನ ಅನ್ನ ಬಿಡುವುದಕ್ಕಿಂತ ತಮ್ಮನಿಗೆ ಫೋನ್ ಮಾಡುವುದು ನಿಮಗೆ ಕಷ್ಟ ಎಂದು ನನಗೆ ಗೊತ್ತು. ಕಷ್ಟವಾದದ್ದನ್ನು ಬಿಟ್ಟು ಸುಲಭವಾದದ್ದಕ್ಕೆ ಮನಸ್ಸು ಹೊರಳುತ್ತಿದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಜಾಗದ ವಿಷಯ ಮಾತನಾಡಬೇಕಿಲ್ಲ. "ಹೇಗಿದ್ದೀಯಾ, ಊಟ ಮಾಡಿದೆಯಾ" ಎಂದರೆ ಸಾಕು. ಅವನು ಫೋನ್ ಇಟ್ಟುಬಿಟ್ಟರೆ ಇಡಲಿ, ಇನ್ನೊಂದು ದಿನ ಮಾಡಿ.

ಹಾಗಾದರೆ ಉಪವಾಸವೇ ಬೇಡವೇ? ಬೇಕು, ಆದರೆ ನಿಮ್ಮ ಮೈಗೆ ಒಗ್ಗುವಷ್ಟು. ಕೆಲವು ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಆಗ ಕೈ ನಡುಗುತ್ತದೆ, ಬೆವರುತ್ತದೆ, ಮಾತು ತಡವರಿಸುತ್ತದೆ. ಆ ನಡುಕವನ್ನು ಆತ್ಮನ ಸ್ಪರ್ಶವೆಂದು ಯಾರಾದರೂ ಹೇಳಿದರೆ ನಂಬಬೇಡಿ, ಮೊದಲು ಒಂದು ಲೋಟ ಸಕ್ಕರೆ ನೀರು ಕುಡಿಯಿರಿ. ನೀವು ಕೂರುವುದು ಮೆಟ್ಟುಗತ್ತಿಯ ಮುಂದೆ. ಕಾಲಡಿಯಲ್ಲಿ ಮಣೆ, ಎದುರಿಗೆ ಅಲಗು, ಒಂದರ ಹಿಂದೊಂದು ಕಾಯಿ. ಅಲ್ಲಿ ಒಂದು ಕ್ಷಣ ತಲೆ ಸುತ್ತಿದರೂ ಬೆರಳು ಹೋದೀತು. ಸಾಯುವೆನೆಂದು ಜಾಲಿಗಿಡದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನನ್ನು ದೂತನು ಎರಡು ಸಲ ಎಬ್ಬಿಸಿದ್ದು, ಎದ್ದು ಊಟ ಮಾಡು ಎಂದು ಹೇಳುವುದಕ್ಕೆ. ಅಂದು ಅದೇ ದೇವರ ಕರೆ.

ಆದ್ದರಿಂದ ವೈದ್ಯರನ್ನು ಕೇಳದೆ ಮಾತ್ರೆಯನ್ನೂ ಊಟವನ್ನೂ ಬಿಡಬೇಡಿ. ಎಲೆಅಡಿಕೆಯ ಅಭ್ಯಾಸವಿದ್ದರೆ ಅದನ್ನು ಬಿಡಿ. ಸಂಜೆಯ ಧಾರಾವಾಹಿ ಬಿಟ್ಟು ಆ ಹೊತ್ತನ್ನು ಪ್ರಾರ್ಥನೆಗೆ ಕೊಡಿ. ದಾನಿಯೇಲನಂತೆ ಮೀನು, ಮಾಂಸ ಬಿಟ್ಟು ಸಪ್ಪೆ ಊಟ ಮಾಡಿ. ಸುಲಿಯುವ ಅಂಗಳದಲ್ಲಿ ಎಲ್ಲರಿಗೂ ಕಾಫಿ ಬಂದಾಗ "ನನಗೆ ಉಪವಾಸ" ಎಂದು ಸಾರಬೇಕಿಲ್ಲ, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೋ ಎಂದು ಯೇಸು ಹೇಳಿದ್ದು ಅದಕ್ಕೇ.

ಯಜಮಾನರ ಮಾತನ್ನು ಅಡ್ಡಿ ಎಂದು ಎಣಿಸಬೇಡಿ. ಪ್ರಾರ್ಥನೆಗಾಗಿ ಅಗಲಿರುವುದಾದರೂ ಗಂಡ ಹೆಂಡತಿ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಮಾತ್ರ ಎಂದು ಪೌಲನು ಕೊರಿಂಥದವರಿಗೆ ಬರೆದನು. ಒಪ್ಪಿಗೆಯ ಆ ನಿಯಮ ಇಲ್ಲಿಗೂ ಸಲ್ಲುತ್ತದೆ. ನಿಜವಾದ ಕರೆ ಕಾಯಬಲ್ಲದು. "ಇವತ್ತೇ ಶುರು ಮಾಡದಿದ್ದರೆ ಕೇಡು" ಎಂದು ಹೆದರಿಸುವ ಧ್ವನಿ ನನಗೆ ಒಳ್ಳೆಯ ಕುರುಬನಾದ ಯೇಸುವಿನ ಧ್ವನಿಯಂತೆ ಕೇಳಿಸುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಷ್ಟೆಲ್ಲ ಮಾಡಿದರೂ ತಮ್ಮ ಕುಡಿತ ಬಿಡದಿರಬಹುದು. ಅರಸ ದಾವೀದನು ಕಾಯಿಲೆ ಬಿದ್ದ ಮಗುವಿಗಾಗಿ ಉಪವಾಸವಿದ್ದು ನೆಲದ ಮೇಲೆ ಬಿದ್ದುಕೊಂಡನು, ಏಳನೆಯ ದಿನ ಮಗು ಸತ್ತಿತು. ಅವನು ಎದ್ದು ಸ್ನಾನ ಮಾಡಿ, ದೇವರ ಆಲಯಕ್ಕೆ ಹೋಗಿ ಆರಾಧಿಸಿ, ಆಮೇಲೆ ಊಟ ಮಾಡಿದನು. ಉಪವಾಸ ದೇವರ ಕೈ ತಿರುಚುವ ಉಪಾಯವಲ್ಲ. ಕುಡಿತಕ್ಕೆ ಚಿಕಿತ್ಸೆಯೂ ಇದೆ. ಮಾತು ಮತ್ತೆ ಶುರುವಾದರೆ, ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಅಕ್ಕ ನೀವೇ ಆಗಬಹುದು.

ಪ್ರಶ್ನೆ: ನನ್ನ ಹೆಂಡತಿ ಕಥೋಲಿಕ ಮನೆಯವಳು. ಬೂದಿ ಬುಧವಾರ, ಶುಭ ಶುಕ್ರವಾರ ತಪ್ಪದೆ ಉಪವಾಸ ಮಾಡುತ್ತಾಳೆ. ಕ್ಯಾಲೆಂಡರ್ ನೋಡಿ ಮಾಡುವುದು ದೇವರ ಕರೆ ಹೇಗಾಗುತ್ತದೆ? (ಭದ್ರಾವತಿಯಿಂದ ಓದುಗರು)

ಉತ್ತರ: ಚೀಯೋನಿನಲ್ಲಿ, ಅಂದರೆ ಯೆರೂಸಲೇಮಿನಲ್ಲಿ, ಕೊಂಬೂದಿ ಉಪವಾಸವನ್ನು ಸಾರಿರಿ ಎಂದು ಪ್ರವಾದಿ ಯೋವೇಲನು ಹೇಳಿದ್ದು ಇಡೀ ಜನಕ್ಕೆ. ಒಬ್ಬೊಬ್ಬರಿಗೂ ಬೇರೆ ಬೇರೆ ದರ್ಶನವಾಗಲಿ ಎಂದು ಆಗ ಯಾರೂ ಕಾಯಲಿಲ್ಲ. ನಿಮ್ಮ ಹೆಂಡತಿಯವರ ಸಭೆಯ ನಿಯಮ ಕಠಿಣವೂ ಅಲ್ಲ. ಆ ಎರಡು ದಿನ ಒಂದು ಪೂರ್ತಿ ಊಟ, ಎರಡು ಸಣ್ಣ ಊಟ. 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಮಾಂಸ ಬಿಡುವುದು 14 ತುಂಬಿದವರಿಗೆಲ್ಲ. ಕಾಯಿಲೆಯವರಿಗೆ ವಿನಾಯಿತಿ ಇದೆ. ಪ್ರೇರಣೆ ಬರಲಿ ಎಂದು ಕಾಯುವ ನಮ್ಮಲ್ಲಿ ಎಷ್ಟೋ ಜನ ವರ್ಷಕ್ಕೆ ಒಂದು ಹೊತ್ತನ್ನೂ ಬಿಡುವುದಿಲ್ಲ ಎಂಬುದು ಬೇರೆ ಮಾತು. ಮುಂದಿನ ಬೂದಿ ಬುಧವಾರ ಆಕೆಯ ಜೊತೆ ನೀವೂ ಒಪ್ಪತ್ತು ಮಾಡಿ. ವಾದವನ್ನು ಗುರುವಾರಕ್ಕೆ ಇಟ್ಟುಕೊಳ್ಳಿ.