ಸ್ಟೀರಿಂಗ್ ಡಬ್ಬಿಯಲ್ಲಿ ಹಾಲು-ಚಹಾ!

ಪ್ರಶ್ನೆ: ಜೋರು ಮಳೆಗೆ ನನ್ನ ಹಳೆಯ ಡೀಸೆಲ್ ಗಾಡಿ ಅರ್ಧ ಗಂಟೆ ನೀರಿನಲ್ಲಿ ನಿಂತಿತ್ತು. ಈಗ ಪವರ್ ಸ್ಟೀರಿಂಗ್ ಆಯಿಲ್ ಹಾಲು ಬೆರೆಸಿದ ಚಹಾದಂತಿದೆ. ತಿರುಗಿಸಿದರೆ ಗುಂಯ್ ಅನ್ನುತ್ತದೆ. ಮೇಲಿಂದ ಸ್ವಲ್ಪ ಹೊಸ ಆಯಿಲ್ ಸುರಿದರೆ ಸಾಕಲ್ವಾ?
– ಓದುಗರು, ಡೊಂಬಿವಲಿ

ಉತ್ತರ: ಸಾಲದು ಮಾರಾಯ್ರೇ! ಮೊದಲು ಇಂಜಿನ್ ಆಫ್ ಮಾಡಿ ಒಂದು ಗಂಟೆ ಬಿಡಿ. ನೊರೆ ಇಳಿದು ಆಯಿಲ್ ತಿಳಿಯಾದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಹಾಗೇ ಉಳಿದರೆ ನೀರು. ನೀರಿದ್ದರೆ ಗಾಡಿ ಓಡಿಸಬೇಡಿ, ಪಂಪಿನೊಳಗೆ ತುಕ್ಕು ಹಿಡಿಯುತ್ತದೆ.

ಆಯಿಲ್ ಸುರಿಯುವ ಡಬ್ಬಿಯಲ್ಲಿರುವುದು ಸ್ವಲ್ಪವೇ. ಉಳಿದದ್ದೆಲ್ಲ ಪಂಪು, ಪೈಪು, ಸ್ಟೀರಿಂಗ್ ಬಾಕ್ಸ್ ಒಳಗಿರುತ್ತದೆ. ಕುರ್ಲಾದ ನನ್ನ ಗ್ಯಾರೇಜಿನಲ್ಲಿ ಹೀಗೆ ಮಾಡುತ್ತೇವೆ: ಮುಂದಿನ ಚಕ್ರ ಎರಡನ್ನೂ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸುತ್ತೇವೆ. ಆಯಿಲನ್ನು ಡಬ್ಬಿಗೆ ವಾಪಸ್ ತರುವ ರಿಟರ್ನ್ ಪೈಪ್ ಬಿಚ್ಚಿ ಖಾಲಿ ನೀರಿನ ಬಾಟಲಿಗೆ ಇಳಿಸಿ, ಅದು ಕೂತಿದ್ದ ಡಬ್ಬಿಯ ತೂತಿಗೆ ಬಿರಡೆ ಹಾಕುತ್ತೇವೆ. ಹುಡುಗ ಇಂಜಿನ್ ಆಫ್ ಇಟ್ಟೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ತಿರುಗಿಸುತ್ತಾನೆ, ನಾನು ಹೊಸದು ಸುರಿಯುತ್ತಿರುತ್ತೇನೆ. ಡಬ್ಬಿ ಬರಿದಾಗಬಾರದು, ಗಾಳಿ ಎಳೆಯುತ್ತದೆ. ಬಾಟಲಿಗೆ ಬೀಳುವ ಚಹಾ ಹೋಗಿ ಹೊಸ ಬಣ್ಣ ಬರುವವರೆಗೂ ಇದೇ ಕೆಲಸ. ಬಿರಡೆ ತೆಗೆದು ಪೈಪ್ ವಾಪಸ್ ಕೂರಿಸಿದ ಮೇಲೆ ಎರಡು ದಿನ ಓಡಿಸಿ ನೋಡಿ. ಮತ್ತೆ ಮಸುಕಾದರೆ ಇನ್ನೊಮ್ಮೆ.

ಆಯಿಲ್ ಯಾವುದು ಅಂತ ಮುಚ್ಚಳದ ಮೇಲೋ ಮ್ಯಾನುಯಲ್‌ನಲ್ಲೋ ಇರುತ್ತದೆ. ಕೈಗೆ ಸಿಕ್ಕಿತು ಅಂತ ಬ್ರೇಕ್ ಆಯಿಲ್ ಮಾತ್ರ ಸುರಿಯಬೇಡಿ, ಸೀಲುಗಳು ಉಬ್ಬಿ ಕೆಡುತ್ತವೆ. ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟಿದೆಯಾ ನೋಡಿ. ನೀರು ಅಲ್ಲಿಂದಲೇ ನುಗ್ಗಿರಬಹುದು.