ಓದುಗರ ಪ್ರಶ್ನೆ: ಮಡಿಕೇರಿಯ ನಡಿಗೆ, ಕೊಡಗಿನ ಊಟ

ಪ್ರಶ್ನೆ: ಮೂರ್ನಾಡಿನಲ್ಲಿ ನಮ್ಮದೊಂದು ಹೋಂಸ್ಟೇ. ಅತಿಥಿಗಳಿಗೆ ಮಡಿಕೇರಿಯ ಹಳೆಯ ಜಾಗಗಳನ್ನು ನಡೆಸಿ ತೋರಿಸಬೇಕೆಂದಿದ್ದೇವೆ. ಹನ್ನೆರಡು ಮಂದಿ, ಕೆಲವರು ವಯಸ್ಸಾದವರು. ಎಲ್ಲಿಂದ ಶುರುಮಾಡೋಣ?

ಉತ್ತರ: ಓಂಕಾರೇಶ್ವರದಿಂದ. ಮಧ್ಯಾಹ್ನ ಗುಡಿಯ ಬಾಗಿಲು ಹಾಕುತ್ತಾರೆ, ಆಮೇಲೆ ಹೋದರೆ ಹೊರಗಿನಿಂದಲೇ ಕೈಮುಗಿಯಬೇಕು. ಅಲ್ಲದೆ ಗುಡಿ ತಗ್ಗಿನಲ್ಲಿದೆ, ಕೋಟೆಗೆ ಏರು. ಆ ಏರು ಊಟಕ್ಕೆ ಮೊದಲೇ ಮುಗಿಯಲಿ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ ಗುಡಿಯಿದು. ನೇರ ಒಳಗೆ ಕರೆದೊಯ್ಯಬೇಡಿ. ಮೊದಲು ಕೆರೆಯ ಈಚೆ ದಡದಲ್ಲಿ ನಿಲ್ಲಿಸಿ. ನಡುವಿನ ಗುಮ್ಮಟ, ಮೂಲೆಗಳ ಮಿನಾರು, ತುದಿಯಲ್ಲಿ ಗಾಳಿಯ ದಿಕ್ಕು ತೋರುವ ಸೂಚಿ ಎಲ್ಲವೂ ಅಲ್ಲಿಂದ ಒಟ್ಟಿಗೆ ಕಾಣುತ್ತವೆ. ಶಿವನ ಗುಡಿಗೆ ಗುಮ್ಮಟವೇಕೆ ಎಂದು ಅವರೇ ಕೇಳುತ್ತಾರೆ, ಮಾತು ಅಲ್ಲಿಂದ ಬೆಳೆಯಲಿ.

ಕೋಟೆಗೆ ಒಂದೂವರೆ ಗಂಟೆ ಇಡಿ. ಮುದ್ದುರಾಜನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಅರಮನೆ 1812–14ರಲ್ಲಿ ಲಿಂಗರಾಜೇಂದ್ರನ ಕಾಲದಲ್ಲಿ ಹೊಸದಾಯಿತು. ಗಾರೆಯ ಜೋಡಿ ಆನೆಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ಅದಕ್ಕೆ ಹತ್ತು ನಿಮಿಷ ಬೇಕೇ ಬೇಕು. ಹಳೆಯ ಚರ್ಚಿನಲ್ಲಿರುವ ಮ್ಯೂಸಿಯಂ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ. ಊಟವಾದ ಮೇಲೆ ರಾಜರ ಸಮಾಧಿಗಳಿರುವ ಗದ್ದಿಗೆಗೆ ಆಟೋ ಮಾಡಿ, ಹಿರಿಯರನ್ನು ನಡೆಸಬೇಡಿ. ಸಂಜೆ ಕಣಿವೆ ನೋಡುವ ಜಾಗ ರಾಜಾಸೀಟು. ಮಳೆಗಾಲದಲ್ಲಿ ಮಾತ್ರ ಸೂರ್ಯಾಸ್ತ ತೋರಿಸುತ್ತೇವೆಂದು ಮಾತು ಕೊಡಬೇಡಿ. ಮಂಜು ಕವಿದರೆ ಕಣಿವೆಯೇ ಕಾಣದು.

ಪ್ರಶ್ನೆ: ಊಟ ನಮ್ಮ ಮನೆಯಲ್ಲೇ ಮಾಡಿ ಒಯ್ಯಬಹುದೇ?

ಉತ್ತರ: ಪಂದಿ ಕರಿ, ಅಂದರೆ ಹಂದಿಮಾಂಸದ ಕರಿ, ಒಯ್ಯಬಹುದು. ಅದರ ಜೊತೆ ತಿನ್ನುವ ಅಕ್ಕಿ ತರಿಯ ಉಂಡೆ ಕಡಂಬುಟ್ಟು ಬೇಡ. ಆರಿದ ಕಡಂಬುಟ್ಟು ಗಟ್ಟಿಯಾಗುತ್ತದೆ. ಮಡಿಕೇರಿಯಲ್ಲಿ ಪರಿಚಯದವರ ಅಡುಗೆಮನೆ ಸಿಕ್ಕರೆ ಅಲ್ಲೇ ಬೇಯಿಸಿ. ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ನೀರು. ಉಪ್ಪು ಹಾಕಿ ನೀರು ಕುದಿಸಿ, ತರಿ ಸುರಿದು, ಗಂಟಾಗದಂತೆ ಕೆದಕಿ, ಮುಚ್ಚಿಡಿ. ಕೈಗೆ ತಡೆಯುವಷ್ಟು ಬಿಸಿಯಿರುವಾಗಲೇ ಅಂಗೈಗೆ ನೀರು ಸವರಿಕೊಂಡು ಉಂಡೆ ಕಟ್ಟಬೇಕು. ತಣ್ಣಗಾದ ಮೇಲೆ ಕಟ್ಟಿದ ಉಂಡೆ ಬಿರಿಯುತ್ತದೆ. ಹಬೆಯಲ್ಲಿ ಇಪ್ಪತ್ತು ನಿಮಿಷ.

ಹನ್ನೆರಡು ಮಂದಿಗೆ ಮೂರು ಕಿಲೋ ಮಾಂಸ ಸಾಕು. ಕೊಬ್ಬಿನ ತುಂಡು ಕಿತ್ತು ಹಾಕಬೇಡಿ, ಕರಿಗೆ ಎಣ್ಣೆ ಅದರಿಂದಲೇ ಬರಬೇಕು. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಸ್ವಲ್ಪ ಮೆಂತ್ಯವನ್ನು ಕಪ್ಪಗಾಗುವವರೆಗೆ ಹುರಿದು ಪುಡಿಮಾಡಿ. ಮೆಂತ್ಯ ಹೆಚ್ಚಾದರೆ ಕಹಿ. ಕಾಚಂಪುಳಿ (ಹುಳಿಹಣ್ಣಿನ ರಸ ಕಾಯಿಸಿ ಮಾಡಿದ ಕಪ್ಪು ಹುಳಿ) ಕಿಲೋಗೆ ಒಂದು ದೊಡ್ಡ ಚಮಚ, ಮಾಂಸ ಬೆಂದ ಮೇಲೆಯೇ. ಹುಳಿ ಪಾತ್ರೆಯನ್ನು ತಿನ್ನುತ್ತದೆ, ಆದ್ದರಿಂದ ಅಲ್ಯುಮಿನಿಯಂ ಬೇಡ. ಕಾಚಂಪುಳಿ ಬದಲಿಗೆ ವಿನೆಗರ್ ಹಾಕಿದರೆ ಹುಳಿಯೇನೋ ಬರುತ್ತದೆ, ಆದರೆ ಅದು ಪಂದಿ ಕರಿಯ ರುಚಿಯಲ್ಲ. ಅತಿಥಿಗಳಿಗೆ ಅದನ್ನು ಬಡಿಸುವುದು ತರವಲ್ಲ.

ಮಾಂಸ ತಿನ್ನದವರಿಗೆ ನೂಪುಟ್ಟು (ಒತ್ತು ಶಾವಿಗೆ), ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಮಳೆಗಾಲವಾದರೆ ಕಣಿಲೆಯ, ಅಂದರೆ ಎಳೆ ಬಿದಿರಿನ, ಬೈಂಬಳೆ ಕರಿ. ಕಣಿಲೆಯನ್ನು ಹಸಿಯಾಗಿ ಬಳಸಲೇಬೇಡಿ, ಅದರಲ್ಲಿ ಸೈನೈಡ್ ಬಿಡುವ ಅಂಶವಿದೆ. ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಿ.

ಪ್ರಶ್ನೆ: ಕಕ್ಕಡ ಹದಿನೆಂಟಕ್ಕೆ ಬರುವವರಿಗೆ ಮದ್ದ್ ಪಾಯಸ ಕೊಡಬಹುದೇ?

ಉತ್ತರ: ಧಾರಾಳವಾಗಿ. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಆಗಸ್ಟ್ ಮೊದಲ ವಾರದಲ್ಲಿ ಬರುತ್ತದೆ, ಆ ದಿನಕ್ಕೆ ಇದಕ್ಕಿಂತ ಒಳ್ಳೆಯ ತಿನಿಸಿಲ್ಲ. ಮದ್ದ್ ಸೊಪ್ಪು ಎಂಬ ಔಷಧಿ ಗಿಡದ ಎಲೆ ಕುದಿಸಿದ ನೇರಳೆ ನೀರಿನಲ್ಲೇ ಅಕ್ಕಿ ಬೇಯಲಿ. ಬೆಲ್ಲ, ತೆಂಗಿನ ಹಾಲು ಕೊನೆಗೆ. ಮಾರನೆಯ ದಿನ ಮೂತ್ರ ಕೆಂಪಾಗುವುದನ್ನು ಬಡಿಸುವ ಮೊದಲೇ ಹೇಳಿಬಿಡಿ, ಇಲ್ಲವಾದರೆ ಗಾಬರಿಯಾಗುತ್ತಾರೆ.